ಮಸೀದಿಯ ಒಡಲೊಳಗೊಂದು ಇಗರ್ಜಿ

ಸ್ಪೇನ್ ದೇಶದ ಕೊರ್ಡೋಬಾ ನಗರದ ಪ್ರಧಾನ ಇಗರ್ಜಿಯನ್ನು ನೋಡಲು ಹೋದವರಿಗೆ ಮೊದಲು ಎದುರಾಗುವುದು ಕಂಬಗಳ ಕಾಡು. ಕಿತ್ತಳೆ ಮರಗಳ ಅಂಗಳ ದಾಟಿ ಒಳಗೆ ಕಾಲಿಟ್ಟರೆ ಮಬ್ಬು ಬೆಳಕು. ಎತ್ತ ತಿರುಗಿದರೂ ಕಂಬದ ಸಾಲುಗಳು, ಅವುಗಳ ಮೇಲೆ ಕೆಂಪು-ಬಿಳಿ ಪಟ್ಟೆಯ ಕಮಾನುಗಳು. ಈಗ ಉಳಿದಿರುವ ಕಂಬಗಳೇ 856. ಊರಿನವರ ಬಾಯಲ್ಲಿ ಇದು ಇಂದಿಗೂ ‘ಮೆಸ್ಕೀತಾ’, ಅಂದರೆ ಮಸೀದಿ.

750ರಲ್ಲಿ ಡಮಾಸ್ಕಸ್‌ನ ಉಮಯ್ಯದ್ ಮನೆತನ ಅಧಿಕಾರ ಕಳೆದುಕೊಂಡು ಕಗ್ಗೊಲೆಗೆ ಈಡಾದಾಗ ತಪ್ಪಿಸಿಕೊಂಡವನು ರಾಜಕುಮಾರ ಅಬ್ದುಲ್ ರಹಮಾನ್. ಉತ್ತರ ಆಫ್ರಿಕ ಹಾದು ಸ್ಪೇನ್ ಸೇರಿದ ಆತ 756ರಲ್ಲಿ ಕೊರ್ಡೋಬಾದ ಅಮೀರನಾದ. ಮಸೀದಿಯ ಕೆಲಸ ಆರಂಭಿಸಿದ್ದು 785ರ ಸುಮಾರಿಗೆ.

ಕಟ್ಟುವವರು ಆಗ ಎಲ್ಲ ಕಂಬಗಳನ್ನೂ ಹೊಸದಾಗಿ ಕಡೆಯುವ ಗೋಜಿಗೆ ಹೋಗಲಿಲ್ಲ. ರೋಮನ್ನರ ಮತ್ತು ವಿಸಿಗೋಥರ ಹಳೆಯ ಕಟ್ಟಡಗಳಿಂದ ಕಂಬಗಳನ್ನು ತಂದರು. ಅವು ಒಂದೇ ಅಳತೆಯವಲ್ಲ, ಎತ್ತರವೂ ಸಾಲದು. ಅವುಗಳ ಮೇಲೇ ಮಾಡು ಕೂರಿಸಿದ್ದರೆ ಅಷ್ಟು ವಿಶಾಲವಾದ ಭವನ ಗವಿಯಂತಾಗುತ್ತಿತ್ತು. ಆದ್ದರಿಂದ ಪ್ರತಿ ಕಂಬದ ತಲೆಯ ಮೇಲೂ ಒಂದು ಚೌಕ ಕಂಬ ಎಬ್ಬಿಸಿ, ಕಮಾನುಗಳನ್ನು ಎರಡು ಅಂತಸ್ತಿನಲ್ಲಿ ಹಾಕಿದರು. ಕೆಳಗಿನದು ಕುದುರೆ ಲಾಳದ ಆಕಾರದ ಕಮಾನು. ಕಂಬಗಳು ಅತ್ತಿತ್ತ ವಾಲದಂತೆ ಹಿಡಿದಿಡುವುದು ಅದರ ಕೆಲಸ. ಮಾಡಿನ ಭಾರ ಹೊರುವುದು ಮೇಲಿನ ಅರ್ಧವೃತ್ತದ ಕಮಾನು. ಮಾಸಲು ಬಿಳಿ ಕಲ್ಲು, ಕೆಂಪು ಇಟ್ಟಿಗೆಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿದ್ದರಿಂದ ಆ ಪಟ್ಟೆಗಳು ಮೂಡಿದವು. ಯುರೋಪಿನವರು ಇಲ್ಲಿನ ಮುಸ್ಲಿಮರನ್ನು ‘ಮೂರ್’ ಎಂದು ಕರೆದರು. ಅವರ ಶೈಲಿ ‘ಮೂರಿಶ್’ ಎನಿಸಿತು. ಆದರೆ ಲಾಳದ ಕಮಾನನ್ನು ಅವರಿಗಿಂತ ಮೊದಲೇ ಸ್ಪೇನಿನ ಕ್ರೈಸ್ತ ವಿಸಿಗೋಥರೂ ಕಟ್ಟುತ್ತಿದ್ದರು. ಹತ್ತನೆಯ ಶತಮಾನದಲ್ಲಿ ಎರಡನೆಯ ಅಲ್ ಹಕಮ್ ಕಟ್ಟಿಸಿದ ಮಿಹ್ರಾಬಿನ ಚಿನ್ನದ ಬಣ್ಣದ ಮೊಸಾಯಿಕ್ ಹರಳುಗಳನ್ನು ಕಳಿಸಿಕೊಟ್ಟವನೂ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿಯೇ!

1236ರಲ್ಲಿ ಕ್ಯಾಸ್ಟೀಲಿನ ದೊರೆ ಮೂರನೆಯ ಫರ್ಡಿನಾಂಡ್ ನಗರವನ್ನು ಗೆದ್ದ. ಮಸೀದಿ ಇಗರ್ಜಿಯಾಯಿತು. ಅಲ್ಲಲ್ಲಿ ಪೂಜಾಪೀಠಗಳು ಬಂದರೂ ಸುಮಾರು ಮೂರು ಶತಮಾನ ಕಟ್ಟಡದ ಒಡಲು ಹೆಚ್ಚು ಬದಲಾಗಲಿಲ್ಲ. 1523ರಲ್ಲಿ ಬಿಷಪ್ಪರು ನಟ್ಟನಡುವೆ ಕಂಬಗಳನ್ನು ಕಿತ್ತು ಎತ್ತರದ ಇಗರ್ಜಿ ಕಟ್ಟಲು ಹೊರಟರು. ವಿರೋಧಿಸಿದವರು ಕ್ರೈಸ್ತರೇ ಇದ್ದ ನಗರಸಭೆಯವರು. ಕೆಲಸಕ್ಕೆ ಕೈಹಚ್ಚಿದವರಿಗೆ ಮರಣದಂಡನೆ ಎಂದೇ ಅವರು ಸಾರಿದರು. ಚಕ್ರವರ್ತಿ ಐದನೆಯ ಚಾರ್ಲ್ಸ್ ಬಿಷಪ್ಪರ ಪರ ನಿಂತ. ಆಮೇಲೆ ಬಂದು ನೋಡಿದ ಆತ, ಎಲ್ಲಿಯೂ ಇಲ್ಲದ್ದನ್ನು ಕೆಡಿಸಿ ಎಲ್ಲೆಡೆ ಇರುವಂಥದ್ದನ್ನು ಕಟ್ಟಿದಿರಿ ಎಂದು ಮರುಗಿದನಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ.

ಹಾಗೆಂದು ಬಿಷಪ್ಪರನ್ನೇ ದೂರುವಂತಿಲ್ಲ. ಸೆವಿಲ್ ನಗರದ ದೊಡ್ಡ ಮಸೀದಿಯನ್ನು ಹದಿನೈದನೆಯ ಶತಮಾನದಲ್ಲಿ ಕೆಡವಿ ಇಗರ್ಜಿ ಕಟ್ಟಿದರು. ಅಲ್ಲಿ ಮುಖ್ಯವಾಗಿ ಉಳಿದದ್ದು ಮಿನಾರು ಮತ್ತು ಅಂಗಳ. ಕೊರ್ಡೋಬಾದಲ್ಲಿ ಪೂಜೆ ನಿಲ್ಲದೆ ನಡೆದದ್ದರಿಂದಲೇ ಮಾಡು ಸೋರದಂತೆ ನೋಡಿಕೊಳ್ಳುವವರಿದ್ದರು.

1984ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜಗಳ ಮಾತ್ರ ಮುಗಿದಿಲ್ಲ. 2006ರಲ್ಲಿ ಚರ್ಚ್ ಆಡಳಿತ ಕೇವಲ 30 ಯೂರೋ ಶುಲ್ಕ ಕಟ್ಟಿ ಕಟ್ಟಡವನ್ನು ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ಇದು ಸಾರ್ವಜನಿಕ ಆಸ್ತಿ ಎನ್ನುವವರು ಅದನ್ನು ಒಪ್ಪುವುದಿಲ್ಲ. ಇಲ್ಲಿ ನಮಾಜಿಗೆ ಅವಕಾಶ ಕೊಡಿ ಎಂಬ ಸ್ಪೇನಿನ ಮುಸ್ಲಿಮರ ಬೇಡಿಕೆಗೂ ಚರ್ಚ್ ಮಣಿದಿಲ್ಲ. ಹೊರಬರುವಾಗ ಅಂಗಳದಂಚಿನಲ್ಲಿ ಕಾಣುವ ಗಂಟೆ ಗೋಪುರದ ಗೋಡೆಯೊಳಗೆ ಹಳೆಯ ಮಿನಾರಿನ ಭಾಗ ಈಗಲೂ ಇದೆ.