ಪೈಪಿನೊಳಗಿನ ಗಾಳಿ

ಡೀಸೆಲ್ ಎಂಜಿನ್ನಿನೊಳಗೆ ಬೆಂಕಿ ಹಚ್ಚುವುದು ಗಾಳಿ. ಅದೇ ಗಾಳಿ ಡೀಸೆಲ್ ಹರಿಯುವ ಪೈಪಿಗೆ ಹೊಕ್ಕಿತೋ, ಎಂಜಿನ್ ಜಪ್ಪಯ್ಯ ಅಂದರೂ ಚಾಲೂ ಆಗದು. ಎರಡೂ ಕಡೆ ಕೆಲಸ ಮಾಡುವುದು ಗಾಳಿಯ ಒಂದೇ ಗುಣ: ಅದುಮಿದರೆ ಅದು ಕುಗ್ಗುತ್ತದೆ. ಸಿಲಿಂಡರಿನಲ್ಲಿ ಕುಗ್ಗಿದಾಗ ಕಾದು ಬೆಂಕಿಯಾಗುತ್ತದೆ, ಪೈಪಿನಲ್ಲಿ ಕುಗ್ಗಿದಾಗ ದಾರಿ ಕಟ್ಟುತ್ತದೆ. ಬೇಸಿಗೆ ರಜೆಯಲ್ಲಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಬಂದ ಮಗನ ಜೊತೆ ಅಪ್ಪನ ಹಳೆಯ ಲಾರಿಯನ್ನು ಬಿಚ್ಚಲು ಕೂತಾಗ ನಾವಿಬ್ಬರೂ ಹಿಂಬಾಲಿಸಿದ್ದು ಈ ಗಾಳಿಯನ್ನೇ.

ಲಾರಿ ಟಾಟಾ 1210, ಮೂತಿ ಮುಂದಿರುವ ಹಳೆಯ ಮಾದರಿ. ಹಿರಿಯೂರು ಸೀಮೆಯ ಈರುಳ್ಳಿಯನ್ನು ಯಶವಂತಪುರದ ಮಂಡಿಗೆ ಸಾಗಿಸುತ್ತಿದ್ದ ಗಾಡಿ. ಅಪ್ಪ ಸ್ಟೇರಿಂಗ್ ಬಿಟ್ಟ ಮೇಲೆ ಊರಿನ ಕಣದ ಬದಿಯ ಶೀಟಿನಡಿ ನಿಂತುಬಿಟ್ಟಿತ್ತು. ಹೆಸರಿನ ಅಂಕಿಯಲ್ಲೇ ಅದರ ಜಾತಕವಿದೆ: ಸರಕೂ ಸೇರಿ ಒಟ್ಟು ತೂಕ 12 ಟನ್, ಎಂಜಿನ್ನಿನ ಶಕ್ತಿ ಹತ್ತಿರಹತ್ತಿರ 100 ಅಶ್ವಶಕ್ತಿ. ಜಮ್‌ಶೆಡ್‌ಪುರದಲ್ಲಿ ರೈಲು ಎಂಜಿನ್ ಮಾಡಲೆಂದು 1945ರಲ್ಲಿ ಶುರುವಾದ ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿಗೆ ಕೈಹಾಕಿತು. 1969ರಲ್ಲಿ ಒಪ್ಪಂದ ಮುಗಿದ ಮೇಲೆ ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ನಮ್ಮ ಗಾಡಿಯ ಎಂಜಿನ್ 692. ಇದನ್ನೂ ಬಿಡಿಸಿ ಓದಬಹುದು: ಆರು ಸಿಲಿಂಡರ್, ಒಂದೊಂದರ ಒಳ ವ್ಯಾಸ 92 ಮಿಲಿಮೀಟರ್.

ಬಾನೆಟ್ ಎತ್ತಿದ ಕೂಡಲೇ ಮಗ ಕೇಳಿದ್ದು, "ಅಮ್ಮ, ಪ್ಲಗ್ ಎಲ್ಲಿದೆ?" ಬೈಕ್ ಬಿಚ್ಚಿ ನೋಡಿದ ಹುಡುಗನಿಗೆ ಇದು ಸಹಜವಾದ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿಗೆ ಪ್ರತಿ ಬಾರಿಯೂ ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಪ್ಲಗ್ಗೂ ಇಲ್ಲ, ಕಿಡಿಯೂ ಇಲ್ಲ. ಸೈಕಲ್ ಚಕ್ರಕ್ಕೆ ಜೋರಾಗಿ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡು ಎಂದೆ. ಬೆಚ್ಚಗಿತ್ತು. ಗಾಳಿಯನ್ನು ಅದುಮಲು ನಾವು ಹಾಕಿದ ಶ್ರಮ ಅದರೊಳಗೆ ಶಾಖವಾಗಿ ಸೇರಿದೆ. ಆಗ್ನೇಯ ಏಷ್ಯಾದ ಜನ ಬಹಳ ಹಿಂದಿನಿಂದಲೂ ಇದೇ ಉಪಾಯದಿಂದ ಬೆಂಕಿ ಮಾಡುತ್ತಿದ್ದರು. ಒಂದು ತುದಿ ಮುಚ್ಚಿದ ಸಣ್ಣ ಕೊಳವೆಗೆ ಬಿಗಿಯಾದ ಕಡ್ಡಿಯನ್ನು ರಪ್ಪನೆ ಗುದ್ದಿದರೆ ತಳದಲ್ಲಿಟ್ಟ ಒಣ ನಾರು ಕೆಂಡವಾಗುತ್ತದೆ.

ನಮ್ಮ ಲಾರಿಯ ಒಂದೊಂದು ಸಿಲಿಂಡರ್ ಸುಮಾರು 800 ಸಿಸಿ ಗಾಳಿ ಎಳೆದುಕೊಳ್ಳುತ್ತದೆ. ಪಿಸ್ಟನ್ ಮೇಲೇರಿ ಅದನ್ನು 50 ಸಿಸಿಯಷ್ಟು ಜಾಗಕ್ಕೆ ಅದುಮುತ್ತದೆ, ಅಂದರೆ ಸುಮಾರು ಹದಿನೇಳರಲ್ಲಿ ಒಂದು ಪಾಲಿಗೆ. ಆಗ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಡೀಸೆಲ್ ತಾನೇ ಹೊತ್ತಿಕೊಳ್ಳಲು 210ರಿಂದ 250 ಡಿಗ್ರಿ ಸಾಕು. ಕಾದ ಗಾಳಿಯೊಳಕ್ಕೆ ಸರಿಯಾದ ಕ್ಷಣದಲ್ಲಿ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ಉರಿದೇ ಉರಿಯುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಸಾರ ಇಷ್ಟೇ. ಉಗಿಯಂತ್ರಗಳು ಕಲ್ಲಿದ್ದಲಿನ ಶಕ್ತಿಯ ಬಹುಪಾಲನ್ನು ಹೊಗೆಗೂ ಹಬೆಗೂ ಕೊಡುತ್ತಿದ್ದ ಕಾಲದಲ್ಲಿ ಅವನ ಎಂಜಿನ್ ಇಂಧನದ ಶಕ್ತಿಯ ಕಾಲು ಭಾಗಕ್ಕೂ ಹೆಚ್ಚನ್ನು ದುಡಿಮೆಗೆ ತಿರುಗಿಸಿತು.

ಬ್ಯಾಟರಿ ಚಾರ್ಜ್ ಮಾಡಿಸಿ ತಂದು, ಟ್ಯಾಂಕಿನ ತಳದ ಕೆಸರು ತೆಗೆದು, ಹೊಸ ಡೀಸೆಲ್ ಹಾಕಿ ಸೆಲ್ಫ್ ಹೊಡೆದೆವು. ಎಂಜಿನ್ ಗರಗರ ತಿರುಗಿತು, ಹಿಡಿಯಲಿಲ್ಲ. ಜಗಲಿಯ ಮೇಲೆ ಕುಳಿತ ಅಪ್ಪ ಎದ್ದು ಬರಲೂ ಇಲ್ಲ. "ಸೈಲೆನ್ಸರ್‌ನಾಗೆ ಹೊಗೆ ಬರ್ತೈತಾ ನೋಡಲಾ," ಎಂದರು ಮೊಮ್ಮಗನಿಗೆ. ಒಂದು ಎಳೆಯೂ ಇರಲಿಲ್ಲ. "ಹಂಗಾರೆ ಏರ್ ಹಿಡ್ದೈತೆ. ತೆಗೀರಿ."

ನೂರಾರು ಮೈಲಿ ಓಡಾಡಿದ ಚಾಲಕನ ಈ ಎರಡು ಮಾತಿನಲ್ಲಿ ಪಕ್ಕಾ ತರ್ಕವಿದೆ. ಡೀಸೆಲ್ ಸಿಲಿಂಡರಿಗೆ ಬಿದ್ದು ಉರಿಯದೇ ಹೋದರೆ ಅದು ಬಿಳಿ ಹೊಗೆಯಾಗಿ ಹೊರಬರುತ್ತದೆ. ಆಗ ತೊಂದರೆ ಶಾಖದ್ದು: ಪಿಸ್ಟನ್ ರಿಂಗ್ ಸವೆದಿರಬಹುದು, ವಾಲ್ವ್ ಕೂರದಿರಬಹುದು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಒಳಗೇ ಹೋಗಿಲ್ಲ. ಬಿಚ್ಚಬೇಕಾದ್ದು ಎಂಜಿನ್ನನ್ನಲ್ಲ, ಟ್ಯಾಂಕಿನಿಂದ ಡೀಸೆಲ್ ಸಿಂಪಡಿಸುವ ನಾಝಲ್‌ವರೆಗಿನ ಹಾದಿಯನ್ನು.

ಆ ಹಾದಿಯ ನಡುವೆ ಕೂತಿರುವುದು ಪಂಪು. ನನ್ನ ಮಟ್ಟಿಗೆ ಇಡೀ ಲಾರಿಯಲ್ಲಿ ಇದಕ್ಕಿಂತ ಸೊಗಸಾದ ಭಾಗ ಇನ್ನೊಂದಿಲ್ಲ. ರುಡಾಲ್ಫ್ ಡೀಸೆಲನ ಎಂಜಿನ್ ಇಂಧನವನ್ನು ಒಳಗೆ ಊದಲು ಪ್ರತ್ಯೇಕ ಗಾಳಿ ಕಂಪ್ರೆಸರನ್ನು ಹೊತ್ತುಕೊಳ್ಳಬೇಕಿತ್ತು. ಹಡಗಿಗೂ ಕಾರ್ಖಾನೆಗೂ ಅದು ನಡೆಯುತ್ತಿತ್ತು, ರಸ್ತೆಯ ಗಾಡಿಗೆ ಭಾರವಾಯಿತು. ಡೀಸೆಲನ್ನು ನೇರವಾಗಿ ತಳ್ಳುವ ಪುಟ್ಟ ಪಂಪನ್ನು ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ದೊಡ್ಡ ಸಂಖ್ಯೆಯಲ್ಲಿ ಮಾಡತೊಡಗಿದ ಮೇಲೆಯೇ ಡೀಸೆಲ್ ಲಾರಿಗಳ ಕಾಲ ಬಂದದ್ದು. ನಮ್ಮ ಪಂಪಿನ ಎಣ್ಣೆ ಜಿಡ್ಡನ್ನು ಮಗ ವೇಸ್ಟ್ ಬಟ್ಟೆಯಲ್ಲಿ ಒರೆಸಿದಾಗ ಫಲಕದ ಮೇಲೆ ಮೈಕೊ ಎಂದು ಕಂಡಿತು. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, ಒಂದು ಬಡಾವಣೆಗೇ ಹೆಸರು ಕೊಟ್ಟ ಕಾರ್ಖಾನೆ ಅದು. ದೇಶದ ಹೆದ್ದಾರಿಗಳಲ್ಲಿ ಓಡಿದ ಅದೆಷ್ಟೋ ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಪಂಪು ತಯಾರಾದದ್ದು ನಮ್ಮ ಆಡುಗೋಡಿಯಲ್ಲಿ ಎಂದು ಹೇಳುವಾಗ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಪಂಪಿನೊಳಗೆ ಸಿಲಿಂಡರಿಗೊಂದರಂತೆ ಆರು ಉಕ್ಕಿನ ಪ್ಲಂಜರುಗಳಿವೆ. ಪ್ಲಂಜರಿಗೂ ಅದು ಆಡುವ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗ. ತಲೆಗೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಲ್ಲಿ ರಬ್ಬರ್ ಸೀಲ್ ಇಲ್ಲ. ಉಕ್ಕಿನ ನುಣುಪೇ ಸೀಲು. ಒಂದರ ಪ್ಲಂಜರನ್ನು ಇನ್ನೊಂದರ ಕೊಳವೆಗೆ ಹಾಕುವಂತಿಲ್ಲ, ಜೋಡಿಯನ್ನು ಒಟ್ಟಿಗೇ ಉಜ್ಜಿ ಕೂರಿಸಿರುತ್ತಾರೆ. ಫಿಲ್ಟರನ್ನು ದಾಟಿ ಬಂದ ಒಂದು ಕಣ ದೂಳು ಇಲ್ಲಿ ಗೀರು ಎಳೆದರೆ ಪಂಪು ಸೊರಗಿತು ಎಂದೇ ಅರ್ಥ.

ಮಗನಿಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಆಕ್ಸಿಲರೇಟರ್ ಒತ್ತಲಿ ಬಿಡಲಿ, ಪ್ಲಂಜರ್ ಏರುವ ಎತ್ತರ ಬದಲಾಗುವುದಿಲ್ಲ. ಹಾಗಾದರೆ ಡೀಸೆಲ್ ಹೆಚ್ಚುಕಡಿಮೆ ಆಗುವುದು ಹೇಗೆ? ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಒಂದು ತೋಡು ಇದೆ. ಮೇಲೇರುತ್ತ ಆ ತೋಡು ಕೊಳವೆಯ ಪಕ್ಕದ ತೂತಿಗೆ ಎದುರಾದ ಕ್ಷಣವೇ ಒತ್ತಡ ಸೋರಿಹೋಗಿ ತಳ್ಳುವಿಕೆ ನಿಲ್ಲುತ್ತದೆ. ಆಕ್ಸಿಲರೇಟರ್ ಮಾಡುವುದು ಪ್ಲಂಜರನ್ನು ತುಸು ತಿರುಗಿಸುವ ಕೆಲಸ. ತಿರುಗಿದಷ್ಟೂ ಓರೆ ತೋಡು ತೂತಿಗೆ ಬೇಗ ಅಥವಾ ತಡವಾಗಿ ಸಿಗುತ್ತದೆ. ಗಾಡಿ ನಿಲ್ಲಿಸಲು ಡ್ರೈವರ್ ಎಳೆಯುವ ಸ್ಟಾಪ್ ವೈರ್ ಕೂಡ ಇದನ್ನೇ ಮಾಡುತ್ತದೆ: ಪ್ಲಂಜರನ್ನು ಪೂರ್ತಿ ತಿರುಗಿಸಿ, ಒಂದು ಹನಿಯೂ ಮುಂದೆ ಹೋಗದಂತೆ ಬಿಡುತ್ತದೆ. ಬೀಗದ ಕೈ ತೆಗೆದರೂ, ಬ್ಯಾಟರಿಯ ವೈರನ್ನೇ ಕಳಚಿದರೂ ಈ ಎಂಜಿನ್ ನಿಲ್ಲುವುದಿಲ್ಲ. ಒಮ್ಮೆ ಹಿಡಿದ ಮೇಲೆ ಓಡಲು ಅದಕ್ಕೆ ಕರೆಂಟೇ ಬೇಡ.

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಪೂರ್ಣ ಭಾರ ಎಳೆಯುವಾಗಲೂ ಪಂಪು ಒಂದು ಸಲಕ್ಕೆ ಒಂದು ಸಿಲಿಂಡರಿಗೆ ಕಳಿಸುವುದು ಸುಮಾರು 40 ಘನ ಮಿಲಿಮೀಟರ್ ಡೀಸೆಲ್. ಒಂದು ಹನಿ ನೀರೂ ಇದಕ್ಕಿಂತ ದೊಡ್ಡದು. ಆ ಪೈಪಿನ ತುದಿಯ ನಾಝಲನ್ನು ಬಲವಾದ ಸ್ಪ್ರಿಂಗ್ ಮುಚ್ಚಿ ಹಿಡಿದಿರುತ್ತದೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಡ ಬಂದಾಗ ಮಾತ್ರ ತೆರೆಯುತ್ತದೆ. ಡೀಸೆಲ್ ದ್ರವ. ಅಷ್ಟು ಒತ್ತಡಕ್ಕೂ ಅದು ನೂರರಲ್ಲಿ ಒಂದೂವರೆ ಪಾಲಿನಷ್ಟು ಮಾತ್ರ ಕುಗ್ಗುತ್ತದೆ. ಆದ್ದರಿಂದ ಪೈಪಿನ ತುಂಬ ಡೀಸೆಲ್ ಇದ್ದರೆ ಈ ಕಡೆ ತಳ್ಳಿದ್ದು ಆ ಕಡೆ ಕೂಡಲೇ ತಲುಪುತ್ತದೆ. ನಡುವೆ ಒಂದು ಘನ ಸೆಂಟಿಮೀಟರಿನ ಗಾಳಿಗುಳ್ಳೆ ಇದೆ ಎನ್ನಿ. ಅಂದರೆ 1000 ಘನ ಮಿಲಿಮೀಟರ್. ಪಂಪು 40 ತಳ್ಳಿದರೆ ಗುಳ್ಳೆ 960ಕ್ಕೆ ಕುಗ್ಗುತ್ತದೆ, ಒತ್ತಡ ಏರುವುದು ಶೇಕಡಾ ನಾಲ್ಕು. ಬೇಕಾದದ್ದು 200 ಪಟ್ಟು! ಮತ್ತೆ ಮತ್ತೆ ತಳ್ಳಿದರೆ ಒತ್ತಡ ಕೂಡುತ್ತ ಹೋಗಬಾರದೇ ಎಂದು ಮಗ ಕೇಳಿದ. ಹೋಗುವುದಿಲ್ಲ. ನಾಝಲ್ ತೊಟ್ಟಿಕ್ಕದಿರಲಿ ಎಂದು ಪ್ರತಿ ತಳ್ಳಿಕೆಯ ಕೊನೆಗೆ ಪಂಪಿನ ಡೆಲಿವರಿ ವಾಲ್ವ್ ಪೈಪಿನ ಒತ್ತಡವನ್ನು ಇಳಿಸಿಬಿಡುತ್ತದೆ. ಗುಳ್ಳೆ ಕುಗ್ಗುತ್ತದೆ, ಹಿಗ್ಗುತ್ತದೆ, ಅಲ್ಲೇ ಇರುತ್ತದೆ.

ಗಾಳಿ ಒಳಗೆ ಬಂದದ್ದಾದರೂ ಎಲ್ಲಿಂದ? ಎಲ್ಲಿ ಡೀಸೆಲ್ ಜಿನುಗಿ ಒದ್ದೆಯಾಗಿದೆ ಎಂದು ಮಗ ಟಾರ್ಚ್ ಹಿಡಿದು ಲಾರಿಯಡಿ ಹುಡುಕಿದ. ಎಲ್ಲ ಒಣಗಿತ್ತು. ಒಣಗಿರಲೇಬೇಕು. ಟ್ಯಾಂಕು ತಗ್ಗಿನಲ್ಲಿದೆ, ಅಲ್ಲಿಂದ ಡೀಸೆಲನ್ನು ಫೀಡ್ ಪಂಪು ಹೀರಿ ಮೇಲಕ್ಕೆ ತರಬೇಕು. ಹೀರುವ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಗ್ಯಾರೇಜಿನವರು "ಏರ್ ಎಳೀತಿದೆ" ಎನ್ನುವುದು ಇದಕ್ಕೇ, ಅದು ಅಕ್ಷರಶಃ ನಿಜ. ಬಿಸಿಲಿಗೆ ಒಣಗಿ ಸೀಳಿದ್ದ ರಬ್ಬರ್ ಹೋಸನ್ನು ಬದಲಿಸಿದೆವು. ಇನ್ನು ಜಾಯಿಂಟುಗಳಲ್ಲಿನ ತಾಮ್ರದ ವಾಷರುಗಳು.

ಹಳೆಯ ತಾಮ್ರದ ವಾಷರನ್ನು ಎಸೆಯುವ ಅಗತ್ಯವಿಲ್ಲ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಮಗ ನಂಬಲಿಲ್ಲ, ಏಕೆಂದರೆ ಕುಡುಗೋಲನ್ನು ಕಾಯಿಸಿ ನೀರಿಗದ್ದಿದರೆ ಗಟ್ಟಿಯಾಗುವುದನ್ನು ಅವನು ಕುಲುಮೆಯಲ್ಲಿ ನೋಡಿದ್ದ. ಎರಡೂ ನಿಜವೇ. ಉಕ್ಕಿನಲ್ಲಿ ಇಂಗಾಲವಿದೆ. ಬಿಸಿಯಲ್ಲಿ ಕಬ್ಬಿಣದ ಹರಳುಗಳೊಳಗೆ ಕರಗಿದ ಇಂಗಾಲಕ್ಕೆ ಥಟ್ಟನೆ ತಣಿದಾಗ ಹೊರಬರಲು ಸಮಯ ಸಿಗುವುದಿಲ್ಲ. ಹರಳು ಸೆಟೆದುಕೊಂಡು ಉಕ್ಕು ಗಡುಸಾಗುತ್ತದೆ. ತಾಮ್ರದಲ್ಲಿ ಆ ಆಟವೇ ಇಲ್ಲ. ಬೋಲ್ಟಿನ ಅಡಿ ಅದುಮಿಸಿಕೊಂಡ ತಾಮ್ರದ ಹರಳುಗಳಲ್ಲಿ ಪರಮಾಣುಗಳ ಸಾಲುಗಳು ಒಂದಕ್ಕೊಂದು ತೊಡಕಿ ಬಿಗಿದಿರುತ್ತವೆ. ಕಾಯಿಸಿದಾಗ ಹಳೆಯ ಹರಳುಗಳ ಜಾಗದಲ್ಲಿ ತೊಡಕಿಲ್ಲದ ಹೊಸ ಹರಳು ಬೆಳೆಯುತ್ತದೆ. ನೀರಿಗೆ ಹಾಕುವುದು ಬೇಗ ಕೈಗೆ ಸಿಗಲಿ ಎಂದು, ಮೇಲಿನ ಕಪ್ಪು ಉದುರಲಿ ಎಂದು, ಅಷ್ಟೇ. ಅಡುಗೆಮನೆಯ ಗ್ಯಾಸ್ ಒಲೆಯಲ್ಲಿ ಒಂದನ್ನು ಕಾಯಿಸಿ, ಕಾಯಿಸದ ಇನ್ನೊಂದರ ಜೊತೆ ಇಕ್ಕಳದಲ್ಲಿ ಬಗ್ಗಿಸಿ ನೋಡಿದ ಮೇಲೆ ಅವನ ಅನುಮಾನ ಹೋಯಿತು.

ಮುಂದಿನದು ಏರ್ ತೆಗೆಯುವ ಕೆಲಸ. ಅದಕ್ಕೊಂದು ಕ್ರಮವಿದೆ, ಟ್ಯಾಂಕಿನ ಕಡೆಯಿಂದ ನಾಝಲಿನ ಕಡೆಗೆ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪ್ರೈಮರ್ ಒತ್ತುತ್ತ ಹೋಗಬೇಕು. ಮಗ ಒತ್ತಿದ, ನಾನು ಸ್ಪ್ಯಾನರ್ ಹಿಡಿದೆ. ನೊರೆ ನೊರೆಯಾಗಿ ಬಂತು, ಆಮೇಲೆ ಗುಳ್ಳೆ ಗುಳ್ಳೆ, ಆಮೇಲೆ ತಿಳಿಯಾದ ಡೀಸೆಲ್. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ಕೈ ಬಿಟ್ಟರೆ ಗಾಳಿ ವಾಪಸ್ಸು ಹೋಗುತ್ತದೆ. ಪಂಪಿನ ಸ್ಕ್ರೂಗೂ ಹಾಗೆಯೇ. ಕೊನೆಗೆ ನಾಝಲ್ ಪೈಪುಗಳ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದಾಗ ಅಲ್ಲೂ ನೊರೆ ಹೋಗಿ ಡೀಸೆಲ್ ಚಿಮ್ಮಿತು.

ಇಲ್ಲಿ ನಾನು ಮಗನನ್ನು ದೂರ ನಿಲ್ಲಿಸಿದೆ. ಮಕ್ಕಳ ಜೊತೆ ಈ ಕೆಲಸಕ್ಕೆ ಇಳಿಯುವ ಎಲ್ಲರೂ ಇದನ್ನು ತಿಳಿದಿರಬೇಕು. ನಾಝಲ್ ತುದಿಯಿಂದ ಬರುವ ಸಿಂಪಡಿಕೆಗೆ ಯಾವತ್ತೂ ಕೈ ಅಡ್ಡ ಹಿಡಿಯಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಮಾಂಸ ಸಾಯತೊಡಗುತ್ತದೆ, ಕೂಡಲೇ ಆಪರೇಷನ್ ಆಗದಿದ್ದರೆ ಬೆರಳೋ ಕೈಯೋ ಹೋಗಬಹುದು. ಕಣ್ಣಿಗೆ ಕನ್ನಡಕ, ಚಕ್ರಗಳಿಗೆ ಕಲ್ಲು, ಗೇರು ನ್ಯೂಟ್ರಲ್: ಇವು ಮೂರೂ ಆಗದೆ ನಮ್ಮಲ್ಲಿ ಯಾರೂ ಸ್ಪ್ಯಾನರ್ ಮುಟ್ಟಲಿಲ್ಲ.

ನಟ್ಟು ಬಿಗಿದು ಮತ್ತೆ ಸೆಲ್ಫ್ ಹೊಡೆದಾಗ ಮೊದಲು ಒಂದು ಸಿಲಿಂಡರ್ ಹಿಡಿಯಿತು, ಇನ್ನೆರಡು ಸೇರಿದವು, ಬಿಳಿ ಹೊಗೆ ದಟ್ಟವಾಗಿ ಬಂದು ತೆಳುವಾಯಿತು. ಅಪ್ಪ ಈಗ ಎದ್ದು ಬಂದರು. ಬಾನೆಟ್ಟಿನ ಬಳಿ ನಿಂತು ಕಿವಿಗೊಟ್ಟು, "ಒಂದು ಕೆಲ್ಸ ಮಾಡ್ತಿಲ್ಲ," ಎಂದರು.

ಯಾವುದೆಂದು ಹುಡುಕುವ ಬಗೆ ಸರಳ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಸಡಿಲಿಸಬೇಕು. ದುಡಿಯುತ್ತಿದ್ದ ಸಿಲಿಂಡರ್ ಆದರೆ ಎಂಜಿನ್ ಕುಂಟುತ್ತದೆ. ಶಬ್ದ ಬದಲಾಗದಿದ್ದರೆ ಅದೇ ಕಳ್ಳ. ನಮ್ಮದರಲ್ಲಿ ನಾಲ್ಕನೆಯದು. ಆ ನಾಝಲನ್ನು ಬಿಚ್ಚಿ ಹಿರಿಯೂರಿನ ಪಂಪು-ನಾಝಲ್ ಅಂಗಡಿಗೆ ಒಯ್ದೆವು. ಅಲ್ಲಿಯವರು ಕೈಪಂಪಿಗೆ ಸಿಕ್ಕಿಸಿ ಒತ್ತಿದಾಗ ಮಂಜಾಗಿ ಹೊಮ್ಮಬೇಕಾದದ್ದು ತುದಿಯಲ್ಲಿ ತೊಟ್ಟಿಕ್ಕಿತು. ಹನಿ ಮಂಜಾಗಿ ಒಡೆಯದಿದ್ದರೆ ಕಾದ ಗಾಳಿಗೆ ಅದರ ಮೈ ಸಿಗುವುದಿಲ್ಲ, ಹೊರಪದರ ಮಾತ್ರ ಉರಿದು ಉಳಿದದ್ದು ಮಸಿಯಾಗುತ್ತದೆ. ಹಳೆಯ ಲಾರಿಗಳು ಏರಿನಲ್ಲಿ ಉಗುಳುವ ಕಪ್ಪು ಹೊಗೆಗೆ ಒಂದು ದೊಡ್ಡ ಕಾರಣ ಇದು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಖಚಿತವಾಗಿ ಹೇಳಿದೆ. ಈ ಲಾರಿಯನ್ನು ಮತ್ತೆ ಹೆದ್ದಾರಿಗೆ ಇಳಿಸುವ ಆಸೆ ನಮಗಿಲ್ಲ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಮಾಲಿನ್ಯ ನಿಯಮದ ಲಾರಿಗಳಲ್ಲಿ ಡೀಸೆಲನ್ನು ಇದರ ಹತ್ತು ಪಟ್ಟಿನಷ್ಟು ಒತ್ತಡದಲ್ಲಿ ಸಿಂಪಡಿಸುತ್ತಾರೆ, ಕ್ಷಣವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ಮಸಿಯನ್ನು ಸೈಲೆನ್ಸರಿನ ಹಾದಿಯಲ್ಲೇ ಸೋಸುತ್ತಾರೆ. ಊರಿನ ಮಕ್ಕಳ ಶ್ವಾಸಕೋಶಕ್ಕೆ ಅವೇ ಒಳ್ಳೆಯವು. ಆದರೆ ಅವುಗಳಲ್ಲಿ ತೊಂದರೆ ಹುಡುಕಲು ಸ್ಕ್ಯಾನರ್ ಬೇಕು. ಹೊಗೆ ನೋಡಿ, ಶಬ್ದ ಕೇಳಿ, ಕೈಯಲ್ಲಿ ಮುಟ್ಟಿ ಕಾರಣ ಹಿಡಿಯುವ ಪಾಠವನ್ನು ಹದಿನಾರರ ಹುಡುಗನಿಗೆ ಕಲಿಸಲು ನನಗೆ ಈ ಹಳೆಯ 692ಕ್ಕಿಂತ ಒಳ್ಳೆಯ ಪುಸ್ತಕ ಸಿಕ್ಕಿಲ್ಲ.

ಹೊಸ ನಾಝಲ್ ತುದಿ ಹಾಕಿಸಿ ಕೂರಿಸಿದ ಮೇಲೆ ಆರೂ ಸಿಲಿಂಡರ್ ದುಡಿಯುತ್ತಿವೆ. ಮೇಲಿನಿಂದ ಟಕಟಕ ಶಬ್ದ ಮಾತ್ರ ಉಳಿದಿದೆ. ಅದು ವಾಲ್ವಿಗೂ ರಾಕರಿಗೂ ನಡುವಿನ ಸಂದು ಹೆಚ್ಚಾದದ್ದು. ಎಂಜಿನ್ ಉರಿಯುವ 1-5-3-6-2-4ರ ಸರದಿ ಹಿಡಿದು, ಒಂದೊಂದು ಪಿಸ್ಟನ್ನನ್ನೂ ಮೇಲಕ್ಕೆ ತಂದು, ಫೀಲರ್ ಗೇಜ್ ಇಟ್ಟು ಟ್ಯಾಪೆಟ್ ಕೂರಿಸಬೇಕು. ಸರದಿಯನ್ನು ಮಗ ಆಗಲೇ ಬಾಯಿಪಾಠ ಮಾಡಿದ್ದಾನೆ. ಆ ಕೆಲಸ ದಸರಾ ರಜೆಗೆ.