ದ್ರಾಕ್ಷಿಯ ಸಿಹಿ ಬಳ್ಳಿಯಲ್ಲಿಯೇ ತುಂಬಬೇಕು

ವಿಜಯಪುರ ಜಿಲ್ಲೆ ಮತ್ತು ಅಥಣಿಯ ಸುತ್ತಮುತ್ತ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ ಬೆಳೆಯುವ ರೈತರಲ್ಲಿ ಹಲವರು ಅದನ್ನು ಒಣದ್ರಾಕ್ಷಿ (ಮನೂಕ) ಮಾಡುತ್ತಾರೆ. ಕಾಯಿ ತಿಳಿಯಾದ ಕೂಡಲೇ ಕೊಯ್ಲಿಗೆ ಆತುರಪಡುವುದುಂಟು. ಇದರಿಂದ ನಷ್ಟವೇ ಹೆಚ್ಚು. ಮಾವು, ಬಾಳೆಗಳಲ್ಲಿ ಸಂಗ್ರಹವಾದ ಪಿಷ್ಟವು ಕಿತ್ತ ನಂತರವೂ ಸಕ್ಕರೆಯಾಗಿ ಮಾರ್ಪಡುತ್ತದೆ. ದ್ರಾಕ್ಷಿಯಲ್ಲಿ ಅಂತಹ ಪಿಷ್ಟವಿಲ್ಲ. ಗೊಂಚಲು ಕತ್ತರಿಸುವಾಗ ಇದ್ದಷ್ಟೇ ಸಿಹಿ, ಮತ್ತೆ ಹೆಚ್ಚದು.

ಅಳೆಯುವ ಕ್ರಮ

ರಿಫ್ರಾಕ್ಟೋಮೀಟರ್ ಎಂಬ ಕೈ ಉಪಕರಣದ ಗಾಜಿನ ಮೇಲೆ ಎರಡು ಹನಿ ರಸ ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಬ್ರಿಕ್ಸ್ ಅಂಶ ಕಾಣುತ್ತದೆ. 20 ಬ್ರಿಕ್ಸ್ ಎಂದರೆ 100 ಗ್ರಾಂ ರಸದಲ್ಲಿ ಸುಮಾರು 20 ಗ್ರಾಂ ಕರಗಿದ ಘನಾಂಶ. ಅದರಲ್ಲಿ ಬಹುಪಾಲು ಸಕ್ಕರೆ. ಮೊದಲು ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ಸರಿಪಡಿಸಿಕೊಳ್ಳಬೇಕು. ಗೊಂಚಲಿನ ಮೇಲ್ಭಾಗ ಮೊದಲು ಮಾಗುತ್ತದೆ, ತುದಿ ಕೊನೆಗೆ. ಆದ್ದರಿಂದ ತೋಟದ ಬೇರೆ ಬೇರೆ ಸಾಲುಗಳಿಂದ, ಬಿಸಿಲು ನೆರಳು ಎರಡೂ ಕಡೆಯ ಗೊಂಚಲುಗಳ ಮೇಲೆ, ನಡು, ತುದಿಯ ಹಣ್ಣುಗಳನ್ನು ಕೂಡಿಸಿ ಹಿಂಡಿದ ರಸವನ್ನು ನೋಡಬೇಕು. ಹಣ್ಣಿನ ಮೇಲೆ ಇಬ್ಬನಿ ಅಥವಾ ಮಳೆಯ ತೇವ ಇರಬಾರದು.

ಲಾಭದ ಲೆಕ್ಕ

ತಿನ್ನುವ ಹಣ್ಣಿಗೆ 18 ಬ್ರಿಕ್ಸ್ ಸಾಕಾದರೂ ಒಣಗಿಸಲು 22 ಬರುವವರೆಗೆ ಕಾಯುವುದು ಲೇಸು. ಶೇಕಡ 15 ತೇವಾಂಶಕ್ಕೆ ಒಣಗಿಸಿದಾಗ 100 ಕಿಲೋ ಹಣ್ಣಿನಿಂದ, 18 ಬ್ರಿಕ್ಸ್ ಇದ್ದರೆ ಸುಮಾರು 21 ಕಿಲೋ, 22 ಇದ್ದರೆ ಸುಮಾರು 26 ಕಿಲೋ ಒಣದ್ರಾಕ್ಷಿ ದೊರೆಯುತ್ತದೆ. ಒಣಗಿಸುವ ಖರ್ಚು ಮಾತ್ರ ಹೆಚ್ಚುಕಡಿಮೆ ಒಂದೇ.

ಸಿಹಿ ಹೆಚ್ಚಲು

1. ಸಕ್ಕರೆ ತಯಾರಾಗುವುದು ಎಲೆಯಲ್ಲಿ. ಅಕ್ಟೋಬರ್ ಚಾಟಣಿಯ ನಂತರ ಪ್ರತಿ ಗೊಂಚಲಿಗೆ 12ರಿಂದ 15 ಆರೋಗ್ಯವಂತ ಎಲೆಗಳು ಇರುವಂತೆ ನೋಡಿಕೊಂಡು, ಹೆಚ್ಚಾದ ಗೊಂಚಲುಗಳನ್ನು ಎಳೆಯದರಲ್ಲಿಯೇ ತೆಗೆಯಬೇಕು.

2. ಮಣ್ಣು ಮತ್ತು ಎಲೆತೊಟ್ಟಿನ ಪರೀಕ್ಷೆಯ ಮೇರೆಗೆ ಪೊಟ್ಯಾಷ್ ಕೊಡಬೇಕು. ದ್ರಾಕ್ಷಿಗೆ ಕ್ಲೋರೈಡ್ ಒಗ್ಗದ ಕಾರಣ ಸಲ್ಫೇಟ್ ರೂಪದ ಪೊಟ್ಯಾಷ್ ಉತ್ತಮ.

3. ಕಾಯಿ ಮಾಗುವಾಗ ಸಾರಜನಕ ಕೊಡಬಾರದು. ಚಿಗುರು ಬಂದು ಸಕ್ಕರೆ ಅತ್ತ ಹರಿಯುತ್ತದೆ.

4. ಕೊಯ್ಲು ಸಮೀಪಿಸಿದಂತೆ ನೀರನ್ನು ಕ್ರಮೇಣ ಕಡಿಮೆ ಮಾಡಬೇಕು. ಆದರೆ ಎಲೆ ಬಾಡಲು ಬಿಡಬಾರದು.

ಬ್ರಿಕ್ಸ್ ಹೆಚ್ಚಿದ ಹಣ್ಣಿನಲ್ಲಿ ಪೋಷಕಾಂಶವೂ ಹೆಚ್ಚು ಎಂಬ ಮಾತು ಪ್ರಚಾರದಲ್ಲಿದೆ. ಈ ಉಪಕರಣ ಜೀವಸತ್ವಗಳನ್ನಾಗಲಿ, ಕಬ್ಬಿಣ ಸುಣ್ಣಗಳನ್ನಾಗಲಿ ಬೇರ್ಪಡಿಸಿ ತೋರಿಸುವುದಿಲ್ಲ. ದ್ರಾಕ್ಷಿಗಿಂತ ಕಡಿಮೆ ಸಿಹಿಯ ಸೀಬೆಯಲ್ಲಿ ಸಿ ಜೀವಸತ್ವ ಹಲವು ಪಟ್ಟು ಹೆಚ್ಚು. ಕೊಯ್ಲಿನ ದಿನವನ್ನು ಗೊತ್ತುಮಾಡಲು ಮಾತ್ರ ಇದು ನಂಬತಕ್ಕ ಸಾಧನ. ಒಬ್ಬರಿಗೆ ಕೊಳ್ಳುವುದು ಭಾರವೆನಿಸಿದರೆ ನಾಲ್ಕಾರು ಬೆಳೆಗಾರರು ಕೂಡಿ ಒಂದನ್ನು ಕೊಂಡು ಬಳಸಬಹುದು.