ಗೌರಿಬಿದನೂರಿನ ಬಯಲಲ್ಲಿ ಆಕಾಶದ ಅಲೆಗಳು

ಹಿಂದೂಪುರದಲ್ಲಿ ಬೆಂಗಳೂರು ಕಡೆಯ ರೈಲು ಹತ್ತಿದರೆ, ಗಡಿ ದಾಟಿದ ಸ್ವಲ್ಪ ಹೊತ್ತಿಗೇ ಗೌರಿಬಿದನೂರು ಸಿಗುತ್ತದೆ. ಊರಾಚೆಯ ಬಯಲಲ್ಲಿರುವ ರೇಡಿಯೊ ವೀಕ್ಷಣಾಲಯ 1976ರಿಂದ ಕೆಲಸ ಮಾಡುತ್ತಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ.

ವೀಕ್ಷಣಾಲಯ ಎಂದೊಡನೆ ನೆನಪಾಗುವ ಗುಮ್ಮಟವಾಗಲಿ ದೊಡ್ಡ ಕನ್ನಡಿಯಾಗಲಿ ಇಲ್ಲಿ ಮುಖ್ಯವಲ್ಲ. ನಕ್ಷತ್ರಲೋಕದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವುದು ಬಯಲಲ್ಲಿ ಸಾಲುಗಟ್ಟಿದ ಆಂಟೆನಾಗಳು. ಇಲ್ಲಿನ ಮೊದಲ ದೊಡ್ಡ ದೂರದರ್ಶಕವನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹರಡಲಾಗಿತ್ತು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿ.ಮೀ., ದಕ್ಷಿಣದ ತೋಳು ಸುಮಾರು 450 ಮೀಟರ್. ಒಟ್ಟು 1000 ಡೈಪೋಲ್ ಆಂಟೆನಾಗಳು. ಅದು ಕೆಲಸ ಮಾಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 8.7 ಮೀಟರ್. ಭೂಮಿ ತಿರುಗಿದಂತೆ ಆಕಾಶವೇ ಆಂಟೆನಾಗಳ ಮೇಲೆ ಹಾದುಹೋಗುತ್ತಿತ್ತು. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಇದರಿಂದ ತಯಾರಿಸಿದ ಆಕಾಶದ ರೇಡಿಯೊ ನಕ್ಷೆ 1990ರಲ್ಲಿ ಪ್ರಕಟವಾಯಿತು.

ಇನ್ನೊಂದೆಡೆ ಇರುವುದು ಸೂರ್ಯನಿಗಾಗಿಯೇ ಹಾಕಿದ ರೇಡಿಯೊಹೀಲಿಯೊಗ್ರಾಫ್. 1997ರಲ್ಲಿ ಶುರುವಾದ ಇದು ಸೂರ್ಯನ ಹೊರಕವಚವಾದ ಕರೋನಾವನ್ನು ನೋಡುತ್ತದೆ. ಬರಿಗಣ್ಣಿಗೆ ಕರೋನಾ ಕಾಣುವುದು ಪೂರ್ಣ ಗ್ರಹಣದಲ್ಲಿ ಮಾತ್ರ. ರೇಡಿಯೊದಲ್ಲಾದರೆ ದಿನವೂ ಸಿಗುತ್ತದೆ, ಮೋಡವಿದ್ದರೂ ಸರಿ. ಆವರ್ತನ ಇಳಿಸಿದಷ್ಟೂ ಕರೋನಾದ ಇನ್ನೂ ಮೇಲಿನ ಪದರದಿಂದ ಬಂದ ಅಲೆ ಸಿಗುತ್ತದೆ. ಹಾಗಾಗಿ ಸೂರ್ಯನಿಂದ ಹೊರಚಿಮ್ಮುವ ಅನಿಲರಾಶಿ ಮೇಲೇರುವ ಬಗೆಯನ್ನು ಹಂತಹಂತವಾಗಿ ಹಿಂಬಾಲಿಸಬಹುದು.

ಈ ಊರಿಗೂ ವಿಜ್ಞಾನಕ್ಕೂ ಇನ್ನೊಂದು ನಂಟಿದೆ. ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಎಚ್. ನರಸಿಂಹಯ್ಯನವರು ಇದೇ ತಾಲ್ಲೂಕಿನ ಹೊಸೂರಿನವರು. ಪ್ರಶ್ನಿಸದೆ ಒಪ್ಪಬೇಡಿ ಎಂದು ಮಕ್ಕಳಿಗೆ ಜೀವನವಿಡೀ ಹೇಳಿದವರು.

ಈ ಬಯಲಲ್ಲಿ ನಡೆದಾಗ ನನಗೆ ಗಟ್ಟಿಯಾದ ಮಾತು ಒಂದೇ: ಖಗೋಳ ವಿಜ್ಞಾನ ಕಲಿಯಲು ಕಾಲೇಜಿಗೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ರಂಗಾಪುರದಲ್ಲಿರುವಂಥ 48 ಇಂಚಿನ ದೂರದರ್ಶಕ ಎಲ್ಲರಿಗೂ ದಕ್ಕದು. ಆದರೆ ಎರಡು ಕಂಬ, ಸುಮಾರು ಏಳು ಮೀಟರ್ ತಂತಿಯ ಡೈಪೋಲ್, ಒಂದು ರಿಸೀವರ್, ಒಂದು ಕಂಪ್ಯೂಟರ್ ಇದ್ದರೆ 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸೂರ್ಯನ ಸ್ಫೋಟಗಳನ್ನೂ ಗುರುಗ್ರಹದ ಅಲೆಗಳನ್ನೂ ವಿದ್ಯಾರ್ಥಿಗಳೇ ದಾಖಲಿಸಬಹುದು. ನಾಸಾದ ‘ರೇಡಿಯೊ ಜೋವ್’ ಯೋಜನೆ ಶಾಲಾ ಕಾಲೇಜುಗಳಿಗೆ ಕಲಿಸುತ್ತಿರುವುದು ಇದನ್ನೇ. ಅದಕ್ಕೆ ಬೇಕಾದದ್ದು ಪೇಟೆಯ ವಿದ್ಯುತ್ ಗದ್ದಲದಿಂದ ದೂರವಿರುವ ಬಯಲು. ಹಿಂದೂಪುರ, ಕಲ್ಯಾಣದುರ್ಗದ ಸುತ್ತ ಅಂಥ ಬಯಲಿಗೆ ಬರವಿಲ್ಲ.

ಅಲ್ಲಿನ ಭೌತಶಾಸ್ತ್ರದ ಅಧ್ಯಾಪಕರಲ್ಲಿ ನನ್ನ ಮನವಿ: ಮೊದಲೇ ಅನುಮತಿ ಕೇಳಿ, ನಿಮ್ಮ ವಿದ್ಯಾರ್ಥಿಗಳನ್ನು ಒಮ್ಮೆ ಗೌರಿಬಿದನೂರಿಗೆ ಕರೆತನ್ನಿ. ಹಿಂತಿರುಗಿದ ಮೇಲೆ ಕಾಲೇಜಿನ ಮೈದಾನದಲ್ಲಿ ಮೊದಲ ಕಂಬವನ್ನು ಅವರ ಕೈಯಿಂದಲೇ ನೆಡಿಸಿ.